ಹೆಣ್ಣು ಗಪ್ಪಿಗಳ ಬೇಸಿಗೆ

ಸಿರುಗುಪ್ಪದ ಕಡೆ ಹೊಸದಾಗಿ ಆರೋಗ್ಯ ಸಹಾಯಕಿಯಾಗಿ ಸೇರಿರುವ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು. "ಮೇಡಂ, ಆಸ್ಪತ್ರಿ ತೊಟ್ಟ್ಯಾಗಿನ ಗಪ್ಪಿ ಮೀನು ದಿನಾ ಸಾಯಾಕತ್ತಾವ್ರಿ. ಉಳಿದಾವು ಮಾತ್ರ ಭಾಳ ಚಂದ ಅದಾವು, ಬಣ್ಣಬಣ್ಣದ್ವು. ಏನರ ಔಷಧ ಹಾಕ್ಬೇಕೇನ್ರಿ?" ಎಂದು ಕೇಳಿದಳು. ಉಳಿದವು ಚಂದ ಇವೆ ಎಂದ ಕೂಡಲೇ ನನಗೆ ಗಾಬರಿಯಾಯಿತು. "ಔಷಧ ಬ್ಯಾಡವ್ವ, ಮೊದ್ಲು ಹೆಣ್ಣು ಎಷ್ಟು ಉಳಿದಾವ ನೋಡು" ಎಂದೆ. "ಮೀನಿನ್ಯಾಗ ಹೆಣ್ಣು ಗಂಡು ಹೆಂಗ ಗೊತ್ತಾಗತೈತ್ರಿ?" ಎಂದಳು.

ಅವಳದೇನೂ ತಪ್ಪಿಲ್ಲ. ತರಬೇತಿಯಲ್ಲಿ ನಮಗೆ ಹೇಳಿಕೊಡುವುದು ಒಂದೇ ಮಾತು: ಗಪ್ಪಿ ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ, ತೊಟ್ಟಿಗೆ ಬಿಡಿ. ಬಿಟ್ಟ ಮೇಲೆ ಅವು ನೀರಿನೊಳಗೆ ಹೇಗೆ ಸಂಸಾರ ಮಾಡುತ್ತವೆ, ಯಾರು ಯಾರನ್ನು ಗೋಳು ಹೊಯ್ದುಕೊಳ್ಳುತ್ತಾರೆ ಎಂಬುದನ್ನು ಯಾರೂ ಹೇಳುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಪುಕ್ಕಲಿ ಎಂದು ಮೊದಲೇ ಹೇಳಿಬಿಡುತ್ತೇನೆ. ಲಸಿಕೆ ಹಾಕಿಸಿಕೊಂಡ ಮಗು ಅತ್ತರೆ ಗಾಬರಿ, ಬಾಣಂತಿ ಫೋನ್ ಎತ್ತದಿದ್ದರೆ ಗಾಬರಿ, ಮೋಡ ಕಟ್ಟಿದರೂ ಗಾಬರಿ. "ನಿನಗ ಸಂಬಳ ಕೊಡೋದು ಹೆದರಾಕೇನು?" ಎಂದು ಮನೆಯವರು ನಗುತ್ತಿದ್ದರು. ನಗುವವರಿಗೇನು, ಅವರು ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಕಟಿಂಗ್ ಮಾಸ್ಟರ್. ಬಟ್ಟೆಗೆ ಜ್ವರ ಬರುವುದಿಲ್ಲ.

ನನ್ನ ಮೊದಲ ಕೆಲಸ ಸಿರುಗುಪ್ಪದ ಹತ್ತಿರ. ಸುತ್ತಲೂ ಭತ್ತದ ಗದ್ದೆ, ಕಾಲುವೆ. ಸಂಜೆ ಆಕಳಿಸಿದರೆ ಸೊಳ್ಳೆ ಬಾಯೊಳಗೆ. ಆಗ ನಮ್ಮ ಕೆಲಸವೆಂದರೆ ಮನೆಮನೆಗೆ ಹೋಗಿ ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತೆಗೆಯುವುದು, ಗೋಡೆಗೆ ಮದ್ದು ಹೊಡೆಸುವುದು. ಮದ್ದಿನವರು ಓಣಿಗೆ ಬಂದರೆ ಹೆಂಗಸರು ಕದ ಹಾಕಿಕೊಳ್ಳುತ್ತಿದ್ದರು, ಸುಣ್ಣ ಬಳಿದ ಗೋಡೆ ಕೆಡುತ್ತದೆಂದು. ಆಮೇಲೆ ನೀರಿಗೆ ಹಾಕುವ ಔಷಧ ಬಂತು. ಅದರ ವಾಸನೆಗೆ ಜನ ಮೂಗು ಮುರಿದರು. ಕೊನೆಗೆ ಬಂದದ್ದು ಮೀನು. ಅದಕ್ಕೂ ತಕರಾರು ಇಲ್ಲದಿರಲಿಲ್ಲ. "ಮೀನು ಉಚ್ಚಿ ಹೊಯ್ದ ನೀರು ನಾವು ಕುಡೀಬೇಕೇನ್ರಿ?" ಎಂದು ಒಬ್ಬ ಅಜ್ಜಿ ನನ್ನನ್ನು ಕಟ್ಟೆಯಿಂದಲೇ ಓಡಿಸಿದ್ದಳು. ಕುಡಿಯುವ ನೀರಿಗಲ್ಲ, ಬಳಸುವ ನೀರಿನ ತೊಟ್ಟಿಗೆ ಎಂದು ಹೇಳಲಿಕ್ಕೂ ಬಿಡಲಿಲ್ಲ.

ಅಲ್ಲಿ ನಮ್ಮ ಮೇಲಿದ್ದವರು ಹಿರಿಯ ಆರೋಗ್ಯ ನಿರೀಕ್ಷಕ ಖಾದರ್ ಸರ್. ಬಾಯಿ ಜೋರು, ಮನಸ್ಸು ಮೆತ್ತಗೆ. ಒಂದು ದಿನ ಬಕೆಟ್ಟಿನಲ್ಲಿ ಗಪ್ಪಿ ತಂದು ನಮ್ಮ ಮುಂದಿಟ್ಟು, "ಇದರಾಗ ಹೆಣ್ಣು ಯಾವುದು ಹೇಳ್ರಿ?" ಎಂದರು. ನಾನು ಕಿತ್ತಳೆ, ನೀಲಿ ಚುಕ್ಕೆಯ, ಬಾಲ ಬೀಸಿಕೊಂಡು ತಿರುಗುತ್ತಿದ್ದ ಒಂದನ್ನು ತೋರಿಸಿದೆ. ಅವರು ಹಣೆ ಚಚ್ಚಿಕೊಂಡರು.

"ಬಣ್ಣ ಐತಿ ಅಂದ್ರ ಹೆಣ್ಣೇನವ್ವಾ ಸರೋಜಮ್ಮ? ಅವನು ಮದಿಮಗ. ಹೆಣ್ಣು ಅಗೋ ಅಲ್ಲೈತಿ, ಬೂದಿ ಬಣ್ಣದ್ದು, ದಪ್ಪಂದು, ಹೊಟ್ಟಿ ಹಿಂದ ಕರಿ ಮಚ್ಚಿ ಇದ್ದದ್ದು. ಸೊಳ್ಳಿ ಹುಳ ಜಾಸ್ತಿ ತಿನ್ನಾಕಿ ಅಕಿ, ಹಡಿಯಾಕಿನೂ ಅಕಿ."

ಬಗ್ಗಿ ನೋಡಿದೆ. ಗಂಡು ಗಪ್ಪಿ ಹೆಣ್ಣಿನ ಮುಂದೆ ಬಂದು ಮೈಯನ್ನು ಡೊಂಕು ಮಾಡಿ, ರೆಕ್ಕೆ ಬಾಲ ಅಗಲಿಸಿ ನಡುಗಿಸುತ್ತಿತ್ತು. ಹೆಣ್ಣು ತಿರುಗಿ ಹೋದರೆ ಹಿಂದಿನಿಂದ ಬಂದು ಹೊಟ್ಟೆಯ ಕೆಳಗೆ ನುಗ್ಗುತ್ತಿತ್ತು. ಅದು ಓಡಿದರೆ ಇದೂ ಓಡುತ್ತಿತ್ತು. ಒಂದು ಸುಸ್ತಾದರೆ ಇನ್ನೊಂದು ಬರುತ್ತಿತ್ತು. ಹೆಣ್ಣಿಗೆ ನಾವು ಹಾಕಿದ ಮೀನಿನ ಕಾಳು ಮುಟ್ಟಲಿಕ್ಕೂ ಪುರುಸೊತ್ತಿಲ್ಲ. ನನಗೆ ಸಿಟ್ಟು ಬಂತು. ಬಳ್ಳಾರಿ ಬಸ್ ನಿಲ್ದಾಣದಲ್ಲಿ ಇಂಥವರನ್ನು ನಾನು ಸಾಕಷ್ಟು ನೋಡಿದ್ದೆ.

"ಒಂದು ಗಂಡಿಗೆ ಎರಡು ಮೂರು ಹೆಣ್ಣರ ಇರಬೇಕು" ಎಂದರು ಖಾದರ್ ಸರ್. "ಗಂಡು ಜಾಸ್ತಿ ಆದ್ರ ಒಬ್ಬಾಕಿನ್ನ ಎಲ್ಲಾರೂ ಕೂಡಿ ಪರೇಶಾನ್ ಮಾಡ್ತಾರ. ಅಕಿ ತಿನ್ನಂಗಿಲ್ಲ, ಸರಿಯಾಗಿ ಹಡಿಯಂಗಿಲ್ಲ, ಸಾಯ್ತಾಳ. ಇನ್ನೊಂದು ತಿಳ್ಕಾ. ಒಮ್ಮಿ ಕೂಡಿದ್ರ ಸಾಕು, ಗಂಡಿನ ಬೀಜ ಹೊಟ್ಯಾಗ ಜ್ವಾಪಾನ ಇಟ್ಕಂಡು ತಿಂಗಳುಗಟ್ಲೆ ಹಡೀತಾಳ. ಗಂಡು ಕಣ್ಮುಂದ ಇರಬೇಕಂತಿಲ್ಲ." ಈ ಕೊನೆಯ ಮಾತನ್ನು ನಾನು ನಂಬಲಿಲ್ಲ. ಹೊಸಬರನ್ನು ತಮಾಷೆ ಮಾಡುವುದು ಅವರ ಅಭ್ಯಾಸವಾಗಿತ್ತು.

ಮುಂದೆ ಕುರುಗೋಡಿನ ಆಸ್ಪತ್ರೆಗೆ ಬಂದೆ. ಅಲ್ಲಿ ಹಿತ್ತಿಲಲ್ಲಿ ಗಪ್ಪಿ ಸಾಕುವ ಸಿಮೆಂಟ್ ತೊಟ್ಟಿ ಇತ್ತು. ಊರೂರಿನ ಆಶಾ ಕಾರ್ಯಕರ್ತೆಯರು ಡಬ್ಬಿ ತಂದು ಮೀನು ಒಯ್ಯುತ್ತಿದ್ದರು. ನಮ್ಮ ಬಲೆಗೆ ಮೊದಲು ಸಿಗುವುದು ಯಾವುದು? ದಪ್ಪಗೆ, ನಿಧಾನಕ್ಕೆ ಓಡಾಡುವ ಹೆಣ್ಣು. ದೊಡ್ಡ ಮೀನು ಕೊಟ್ಟರೆ ಒಯ್ಯುವವರಿಗೂ ಖುಷಿ. ಅದರ ಮೇಲೆ ಮೇಲಧಿಕಾರಿಗಳು ಬರುತ್ತಾರೆಂದಾಗಲೆಲ್ಲ ನಮ್ಮ ಡಾಕ್ಟರು, "ಬಣ್ಣದವನ್ನು ಮುಟ್ಟಬೇಡಿ, ತೋರಿಸಲಿಕ್ಕೆ ಇರಲಿ" ಎನ್ನುತ್ತಿದ್ದರು. ಬಂದವರು ತೊಟ್ಟಿಗೆ ಬಗ್ಗಿ, ವಾಹ್ ಎಂದು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಹೀಗೆ ನಮ್ಮ ತೊಟ್ಟಿ ವರ್ಷದಿಂದ ವರ್ಷಕ್ಕೆ ಚಂದವಾಗುತ್ತ ಹೋಯಿತು, ಮರಿಗಳು ಕಡಿಮೆಯಾಗುತ್ತ ಹೋದವು.

ಬಾದನಹಟ್ಟಿಗೆ ಡೆಂಗಿ ಬಂದದ್ದು ಅಂಥ ಒಂದು ಮಳೆಗಾಲದಲ್ಲಿ. ಅಲ್ಲಿನ ಆಶಾ ಕಾರ್ಯಕರ್ತೆ ಹುಲಿಗೆಮ್ಮ. ಯಾರ ಮನೆಯಲ್ಲಿ ಯಾರಿಗೆ ಮೈ ಬೆಚ್ಚಗಿದೆ ಎಂಬುದು ಅವರವರ ಮನೆಯವರಿಗಿಂತ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಆ ಸಲ ಜ್ವರ ಅವಳ ಮನೆಗೇ ಬಂತು. ಹೊಸದಾಗಿ ಮದುವೆಯಾಗಿ ತವರಿಗೆ ಬಂದಿದ್ದ ಮಗಳು ರೇಣುಕಾ ಹಾಸಿಗೆ ಹಿಡಿದಳು. ಪ್ಲೇಟ್‌ಲೆಟ್ ಇಳಿದು, ಒಸಡಿನಲ್ಲಿ ರಕ್ತ ಕಾಣಿಸಿ, ಬಳ್ಳಾರಿಯ ಆಸ್ಪತ್ರೆಯಲ್ಲಿ ಇನ್ನೇನು ಕೈತಪ್ಪಿದಳು ಎನ್ನುವ ಹೊತ್ತಿಗೆ ಉಳಿದುಕೊಂಡಳು.

ಸೊಳ್ಳೆ ಎಲ್ಲಿ ಹುಟ್ಟಿತೆಂದು ಹುಡುಕಿದರೆ ಸಿಕ್ಕಿದ್ದು ಗೋಡೆಯಾಚೆಯ ಗೌರಮ್ಮನ ತೊಟ್ಟಿ. ಸೊಂಟದೆತ್ತರದ ಹಳೆಯ ಗಚ್ಚಿನ ತೊಟ್ಟಿ, ಮುಚ್ಚಳವಿಲ್ಲ, ತುಂಬ ಹುಳ. ಬಂದಿದ್ದ ಅಧಿಕಾರಿ ಖಾಲಿ ಮಾಡಿಸಿ ಎಂದರು. ಪಂಚಾಯ್ತಿಯವರು ತೂಬು ಬಿಚ್ಚಿದರು. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೋ ಗೊತ್ತಿಲ್ಲದ ಊರದು, ಕೊಡ ಕೊಡ ಹೊತ್ತು ತುಂಬಿಸಿದ ನೀರು. ಅದು ಓಣಿಯಲ್ಲಿ ಹರಿದುಹೋಗುವುದನ್ನು ಗೌರಮ್ಮ ನಿಂತು ನೋಡಿದಳು. ತೋರಿಸಿಕೊಟ್ಟವಳು ಹುಲಿಗೆಮ್ಮ ಎಂದು ಯಾರೋ ಹೇಳಿದರು. ಅಂದಿನಿಂದ ಆ ಎರಡು ಮನೆಗಳಿಗೆ ಮಾತು ನಿಂತಿತು.

ಮರುವರ್ಷ ಬೇಸಿಗೆ ಶುರುವಾಗುವಾಗ ಹುಲಿಗೆಮ್ಮ ಕುರುಗೋಡಿಗೆ ಬಂದು ನನ್ನೆದುರು ಕೂತಳು. ರೇಣುಕಾ ಬಸುರಿಯಾಗಿದ್ದಳು. ಚೊಚ್ಚಲು, ಹೆರಿಗೆ ತವರಿನಲ್ಲೇ ಆಗಬೇಕು. ದಿನ ತುಂಬುವುದು ಸರಿಯಾಗಿ ಮಳೆಗಾಲಕ್ಕೆ.

"ಆ ತೊಟ್ಟಿ ಮತ್ತ ತುಂಬೈತ್ರಿ ಮೇಡಂ. ಔಷಧ ಹಾಕಾಕ ಬಿಡವಲ್ಲಳು, ಮುಚ್ಚಾಕ ಬಿಡವಲ್ಲಳು. ಮಳಿ ಬರೋದ್ರಾಗ ಅದಕ್ಕ ಮೀನು ಬೀಳ್ಬೇಕ್ರಿ. ಇಲ್ಲಾಂದ್ರ ಈ ಸಲ ಎರಡು ಜೀವ."

ಎರಡನೇ ಸಲ ಡೆಂಗಿ ತಗುಲಿದರೆ ಮೊದಲಿಗಿಂತ ಕೆಟ್ಟದಾಗಬಹುದು ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಸೊಳ್ಳೆ ಪರದೆ ಕೊಟ್ಟೆ. ಆದರೆ ಈ ಸೊಳ್ಳೆ ಕಚ್ಚುವುದು ಹಗಲು ಹೊತ್ತಿನಲ್ಲಿ, ಬಸುರಿಯನ್ನು ಹಗಲೆಲ್ಲ ಪರದೆಯೊಳಗೆ ಕೂರಿಸಲಾದೀತೆ?

ಮೀನು ಕೊಡೋಣವೆಂದು ಹಿತ್ತಿಲಿಗೆ ಹೋದೆ. ತೊಟ್ಟಿ ತುಂಬ ಕಿತ್ತಳೆ, ನೀಲಿ, ಹಳದಿ. ಬಲೆ ಹಾಕಿದಷ್ಟೂ ಮದಿಮಕ್ಕಳೇ ಬಂದರು. ಬೂದಿ ಬಣ್ಣದವು ಬೆರಳೆಣಿಕೆಯಷ್ಟು, ಕೊಳವೆಯ ಕೆಳಗಿನ ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು. ಬಾಲ ಹರಿದಿತ್ತು, ಬೆನ್ನು ಬಡವಾಗಿತ್ತು. ಅವನ್ನು ಹಾಗೇ ಬಿಟ್ಟರೆ ಮಳೆಗಾಲದವರೆಗೆ ಒಂದೂ ಉಳಿಯುವುದಿಲ್ಲ ಎನಿಸಿತು. ಡಾಕ್ಟರಿಗೆ ಹೇಳಿ ಹೆಣ್ಣುಗಳನ್ನಷ್ಟೇ ಕ್ಯಾನಿಗೆ ಹಾಕಿಕೊಂಡು, ಬಳ್ಳಾರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಮಗಳು ಹೈಸ್ಕೂಲಿನಲ್ಲಿದ್ದಾಗ ಹಟ ಹಿಡಿದು ತರಿಸಿದ್ದ ಗಾಜಿನ ಪೆಟ್ಟಿಗೆ ಅಟ್ಟದ ಮೇಲಿತ್ತು. ಅದನ್ನು ಇಳಿಸಿ, ತೊಳೆದು, ನೀರುಗಿಡ ಹಾಕಿ ಅದರಲ್ಲಿ ಬಿಟ್ಟೆ.

ಬಳ್ಳಾರಿಯ ಬೇಸಿಗೆ ಗೊತ್ತಲ್ಲ. ಮಧ್ಯಾಹ್ನ ಗಾಜು ಮುಟ್ಟಿದರೆ ಬಿಸಿ. ಮನೆಯವರು ಘಟಕದಿಂದ ಜೀನ್ಸ್ ತುಂಡುಗಳನ್ನು ತಂದು, ಒದ್ದೆ ಮಾಡಿ ಪೆಟ್ಟಿಗೆಯ ಸುತ್ತ ಹೊದಿಸಿದರು. ಡ್ಯೂಟಿಗೆ ಹೋದರೂ ನನ್ನ ಜೀವವೆಲ್ಲ ಮನೆಯಲ್ಲೇ ಇರುತ್ತಿತ್ತು. ಕರೆಂಟ್ ಹೋಗಿ ಗಾಳಿ ಬಿಡುವ ಪಂಪು ನಿಂತರೆ? ಬೆಕ್ಕು ಬಂದರೆ? ಎಲ್ಲಕ್ಕಿಂತ ದೊಡ್ಡ ಚಿಂತೆ, ಗಂಡಿಲ್ಲದೆ ಇವು ನಿಜಕ್ಕೂ ಹಡೆಯುತ್ತವೆಯೆ? ಖಾದರ್ ಸರ್ ತಮಾಷೆಗೆ ಹೇಳಿದ್ದರೆ ನನ್ನ ಗತಿ ಏನು?

ಇದೇ ಚಿಂತೆ ಮನೆಯವರಿಗೂ ಹತ್ತಿತ್ತು. ಒಂದು ಸಂಜೆ ನಾನು ಬರುವಷ್ಟರಲ್ಲಿ ಪೆಟ್ಟಿಗೆಯೊಳಗೆ ಉದ್ದ ಬಾಲದ ಕೆಂಪು ಗಂಡುಗಳು ಮೆರೆಯುತ್ತಿದ್ದವು. ಅಂಗಡಿಯಿಂದ ಆರಿಸಿ ತಂದಿದ್ದರು.

"ಲೇ ಸರೋಜಿ, ಹೆಣ್ಣಷ್ಟ ಇಟ್ರ ಮರಿ ಆಕಾಶದಿಂದ ಬೀಳತಾವೇನು? ಪಾಪ, ಒಂಟಿ ಅದಾವು ಅಂತ ತಂದೆ."

ನಾನು ಆಗಲೇ ಹೆಣ್ಣುಗಳನ್ನು ಎಣಿಸುತ್ತಿದ್ದೆ. ಒಂದು ಇರಲಿಲ್ಲ. ಅಟ್ಟಿಸಿಕೊಂಡು ಓಡಿ, ಓಡಿ, ಹೊರಕ್ಕೆ ಹಾರಿ ಮಂಚದ ಕಾಲಿನ ಬಳಿ ಒಣಗಿ ಬಿದ್ದಿತ್ತು. ಹೊಟ್ಟೆ ಉಬ್ಬಿತ್ತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನಾನು ಅತ್ತುಬಿಟ್ಟೆ. ಮನೆಯವರು ಗಂಡುಗಳನ್ನೆಲ್ಲ ಹಿಡಿದು ಉಪ್ಪಿನಕಾಯಿ ಭರಣಿಗೆ ಹಾಕಿ ಟಿವಿಯ ಪಕ್ಕ ಇಟ್ಟರು. ಆಮೇಲೆ ಬಹಳ ದಿನ ಅವರು ಮೀನಿನ ವಿಷಯದಲ್ಲಿ ಸ್ವಂತ ಬುದ್ಧಿ ಉಪಯೋಗಿಸಲಿಲ್ಲ.

ದಿನ ಕಳೆದಂತೆ ಉಳಿದವುಗಳ ಹೊಟ್ಟೆ ಚೌಕವಾಯಿತು, ಕರಿ ಮಚ್ಚೆ ಗಾಢವಾಯಿತು. ಮರಿ ಮಾತ್ರ ಇಲ್ಲ. ಒಂದು ಬೆಳಿಗ್ಗೆ ನೀರುಗಿಡದ ಸಂದಿಯಲ್ಲಿ ಎರಡು ಪುಟ್ಟ ಕಣ್ಣು ಕಂಡವು. ಖುಷಿಯಿಂದ ಕೂಗುವಷ್ಟರಲ್ಲಿ ದಪ್ಪ ತಾಯಿಯೊಂದು ಬಂದು ಆ ಕಣ್ಣುಗಳನ್ನು ನುಂಗಿತು. ಗಪ್ಪಿಗೆ ತನ್ನ ಮರಿ ಯಾವುದು, ಊಟ ಯಾವುದು ಎಂಬ ಭೇದವಿಲ್ಲ. ಆಗ ಉಪಯೋಗಕ್ಕೆ ಬಂದವರು ಮನೆಯವರೇ. ಹಳೆಯ ಸೊಳ್ಳೆ ಪರದೆಯನ್ನು ಕತ್ತರಿಸಿ ಚೀಲ ಹೊಲಿದು ಪೆಟ್ಟಿಗೆಯೊಳಗೆ ಇಳಿಬಿಟ್ಟರು. ತಾಯಿ ಚೀಲದೊಳಗೆ, ಹುಟ್ಟಿದ ಮರಿ ಪರದೆಯ ಕಣ್ಣಿನಿಂದ ಜಾರಿ ಹೊರಗೆ. "ಇದು ಬಾಣಂತಿ ಖೋಲಿ" ಎಂದರು. ಆ ವಾರದಲ್ಲೇ ನೀರು ಮಿಣಮಿಣ ಎನ್ನತೊಡಗಿತು. ಖಾದರ್ ಸರ್ ಹೇಳಿದ್ದು ತಮಾಷೆಯಾಗಿರಲಿಲ್ಲ. ಅವರು ಅಷ್ಟರಲ್ಲಿ ತೀರಿಕೊಂಡಿದ್ದರು, ಇದ್ದಿದ್ದರೆ ಫೋನ್ ಮಾಡಿ ಬೈಸಿಕೊಳ್ಳುತ್ತಿದ್ದೆ.

ಚಿಂತೆ ಅಲ್ಲಿಗೆ ಮುಗಿಯಿತೆಂದುಕೊಳ್ಳಬೇಡಿ. ಸೆಕೆಗೆ ಗಂಡೇ ಹೆಚ್ಚಾಗುತ್ತವೆ ಎಂದು ಅಂಗಡಿಯವನು ಹೇಳಿದ್ದ. ನಿಜವೋ ಸುಳ್ಳೋ ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಹುಳ ತಲೆಗೆ ಹೊಕ್ಕಿತ್ತು. ಮರಿಗಳು ಸ್ವಲ್ಪ ಬಲಿತ ಮೇಲೆ ದಿನಾ ಕನ್ನಡಕ ಹಾಕಿಕೊಂಡು ಅವುಗಳ ಹೊಟ್ಟೆ ನೋಡುವುದೇ ಕೆಲಸ. ಕರಿ ಮಚ್ಚೆ ಕಂಡರೆ ಸಮಾಧಾನ, ಬಾಲಕ್ಕೆ ಬಣ್ಣ ಹತ್ತಿದರೆ ಬೇಸರ. ಬಣ್ಣ ಹತ್ತಿದವನ್ನು ಬೇಗ ಬೇರೆ ಮಾಡುತ್ತಿದ್ದೆ. ಬಸುರಿಯರ ಮನೆಗಳಿಗೆ ಹೋಗಿ, ಗಂಡೋ ಹೆಣ್ಣೋ ಎಂದು ಕೇಳಬಾರದು, ಎರಡೂ ಒಂದೇ ಎಂದು ಭಾಷಣ ಮಾಡುತ್ತಿದ್ದವಳು ನಾನು. ಮನೆಗೆ ಬಂದು ಹೆಣ್ಣಾಗಲಿ, ಹೆಣ್ಣಾಗಲಿ ಎಂದು ಹರಕೆ ಹೊರುತ್ತಿದ್ದೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಹೆಣ್ಣಾದವು. ಒಂದೆರಡು ಗಂಡುಗಳನ್ನು ಮಾತ್ರ ಅವುಗಳ ಜೊತೆ ಬಿಟ್ಟೆ. ಮೊದಲ ಮಳೆ ಬೀಳುವ ಹೊತ್ತಿಗೆ ದೊಡ್ಡವು, ಹೊಸವು ಎಲ್ಲವೂ ಹೊಟ್ಟೆ ಹೊತ್ತಿದ್ದವು.

ಕ್ಯಾನು ಹಿಡಿದು ಬಾದನಹಟ್ಟಿಗೆ ಹೋದೆ. ರೇಣುಕಾ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಮುಖ, ಪಾದ ಸ್ವಲ್ಪ ಊದಿದ್ದವು, ಬಿಪಿ ನೋಡಿದೆ, ಸರಿ ಇತ್ತು. ಮೊದಲು ನಿಮ್ಮ ಮನೆಗೇ ಬಿಡೋಣ ಎಂದೆ. ಹುಲಿಗೆಮ್ಮ ಬೇಡವೆಂದಳು. "ನಮ್ಮ ಡ್ರಮ್ ನಾ ತಿಕ್ಕಿ ತೊಳಿತೀನ್ರಿ. ನನ್ನ ಮಗಳಿಗೆ ಕಡಿಯೋ ಸೊಳ್ಳಿ ಹುಟ್ಟೋದು ಅಲ್ಲಿ." ಗೋಡೆಯ ಕಡೆ ಕೈ ಮಾಡಿ, ತಾನು ಓಣಿಯಲ್ಲೇ ನಿಂತಳು.

ಗೌರಮ್ಮ ಬಾಗಿಲಿಗೆ ಅಡ್ಡ ನಿಂತಳು. "ಮತ್ತ ನೀರು ಚೆಲ್ಲಾಕ ಬಂದೀರೇನ್ರಿ?"

"ಇಲ್ರೀ ಗೌರಮ್ಮಾರ, ಮೀನು ತಂದೀನಿ."

"ಹಿಂದೂ ಕೊಟ್ಟಿದ್ರಿ. ಚಂದನ್ವು ಇಟ್ಕಂಡು, ಕೆಟ್ಟನ್ವು ಆರಿಸಿ ಚರಂಡಿಗೆ ಹಾಕಿದ್ನಿ. ಚಂದನ್ವೂ ಒಂದೊಂದ ಸತ್ತು ಹ್ವಾದ್ವು."

ನಾನು ಕ್ಯಾನು ಇಳಿಸಿ ಕಟ್ಟೆಯ ಮೇಲೆ ಕೂತೆ. ಆಸ್ಪತ್ರೆಯಲ್ಲಿ ನಾವು ಮಾಡಿದ್ದನ್ನೇ ಇವಳೂ ಮಾಡಿದ್ದಳು. ಹೋದ ಮಳೆಗಾಲದಲ್ಲಿ ಆ ತೊಟ್ಟಿಯಲ್ಲಿ ಮೀನು ಯಾಕಿರಲಿಲ್ಲ ಎಂಬುದು ಆಗ ಅರ್ಥವಾಯಿತು. ಗೌರಮ್ಮ ಕ್ಯಾನಿನೊಳಗೆ ಇಣುಕಿ ಮುಖ ಸಿಂಡರಿಸಿದಳು.

"ಇವೆಲ್ಲಾ ಆ ಕೆಟ್ಟನ್ವೇ ಅದಾವು. ಬಣ್ಣದ್ವು ಇದ್ರ ಕೊಡ್ರಿ. ಇಲ್ಲಾಂದ್ರ ತಗಂಡು ಹೋಗ್ರಿ."

ಸೊಳ್ಳೆ, ಡೆಂಗಿ, ಲಾರ್ವಾ ಎಂದು ನಾನು ಊರೂರಲ್ಲಿ ಹೇಳುತ್ತಿದ್ದ ಪಾಠವೆಲ್ಲ ಅವಳಿಗೆ ಹೋದ ವರ್ಷವೇ ಆಗಿತ್ತು, ನೀರು ಹರಿದುಹೋಗುವಾಗ. ಮತ್ತೆ ಹೇಳಲು ನಾಲಿಗೆ ಬರಲಿಲ್ಲ. ಸಾಕಾಗಿಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಇವು ಬಸುರದಾವ್ರಿ ಗೌರಮ್ಮಾರ."

"ಏನಂದ್ರಿ?"

"ಹೊಟ್ಟಿ ನೋಡ್ರಿ. ಇವತ್ತೋ ನಾಳಿಗೋ ಹಡೀತಾವು."

"ಎಲ್ಲಾವೂ?"

"ಒಂದೆರಡು ಬಿಟ್ಟು ಎಲ್ಲಾವೂ."

ಅವಳು ಮತ್ತೆ ಬಗ್ಗಿ ಬಹಳ ಹೊತ್ತು ನೋಡಿದಳು. "ಬಸುರೇರನ್ನ ಹೊಸ್ತಿಲ ತನಕ ತಂದು ಈಗ ಹೇಳ್ತೀರಲ್ರೀ" ಎಂದು ನನ್ನನ್ನೇ ಗದರಿದಳು. ನಮ್ಮ ಕಡೆ ಬಾಗಿಲಿಗೆ ಬಂದ ಬಸುರಿಯನ್ನು ಬರಿಗೈಯಲ್ಲಿ ತಿರುಗಿ ಕಳಿಸುವುದಿಲ್ಲ. ಗೌರಮ್ಮ ಒಳಗೆ ಹೋಗಿ ಅರಿಶಿನ ಕುಂಕುಮ ತಂದು ತೊಟ್ಟಿಯ ಅಂಚಿಗೆ ಹಚ್ಚಿ, ಕ್ಯಾನನ್ನು ತಾನೇ ಇಸಿದುಕೊಂಡು ಮೆಲ್ಲಗೆ ಬಗ್ಗಿಸಿದಳು. ಮೀನುಗಳು ತಳಕ್ಕೆ ಹೋಗಿ, ತಿರುಗಿ ಮೇಲೆ ಬಂದು ಹುಳಗಳ ನಡುವೆ ಬಾಯಿ ಹಾಕಿದವು. "ಹಸಿದಿದ್ವು" ಎಂದಳು. ಓಣಿಯಲ್ಲಿ ನಿಂತಿದ್ದ ಹುಲಿಗೆಮ್ಮನ ಕಡೆ ತಿರುಗಿ ಸಹ ನೋಡಲಿಲ್ಲ.

ಆ ಮಳೆಗಾಲವನ್ನು ನಾನು ಹೇಗೆ ಕಳೆದೆನೋ. ಊರಿನ ಇನ್ನೊಂದು ತುದಿಯಲ್ಲಿ ಡೆಂಗಿ ಮತ್ತೆ ಕಾಣಿಸಿತು. ಫೋನಿನಲ್ಲಿ ಹುಲಿಗೆಮ್ಮನ ಹೆಸರು ಬಂದರೆ ಎತ್ತುವ ಮೊದಲು ದೇವರನ್ನು ನೆನೆಯುತ್ತಿದ್ದೆ. ದಿನ ತುಂಬಲು ಸ್ವಲ್ಪವೇ ಉಳಿದಿರುವಾಗ ಆ ಕರೆ ಬಂದೇ ಬಂತು. "ಮೇಡಂ, ರೇಣುಕಾಗ ಮೈ ಸುಡಾಕತ್ತೈತ್ರಿ." ರಕ್ತ ಬಳ್ಳಾರಿಗೆ ಕಳಿಸಿದೆವು. ವರದಿ ಬರುವವರೆಗೆ ಹುಲಿಗೆಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ, ನಾನು ಒಳಗೆ ಕುರ್ಚಿಯ ಮೇಲೆ. ಡೆಂಗಿ ಅಲ್ಲ ಎಂದು ಫೋನ್ ಬಂದಾಗ ಕೂತಲ್ಲಿಂದಲೇ ಅವಳಿಗೆ ಕೂಗಿ ಹೇಳಿದೆ. ಬರೀ ನೆಗಡಿ ಜ್ವರ, ಇಳಿಯಿತು.

ಹೆರಿಗೆ ಕುರುಗೋಡಿನಲ್ಲೇ ಆಯಿತು, ಹೆಣ್ಣುಮಗು. ಮನೆಗೆ ಹೋದ ಮೇಲೆ ತಾಯಿ ಮಗುವನ್ನು ನೋಡಲು ನಾನು ಬಾದನಹಟ್ಟಿಗೆ ಹೋದ ದಿನ ಬಾಣಂತಿಗೆ ನೀರೆರೆಯುವ ತಯಾರಿ ನಡೆದಿತ್ತು. ಒಲೆ ಹತ್ತಿದೆ, ಹಂಡೆ ಖಾಲಿ. ನಲ್ಲಿ ಬಂದು ಎಷ್ಟೋ ದಿನವಾಗಿತ್ತು, ಡ್ರಮ್ಮಿನ ತಳ ಕಾಣುತ್ತಿತ್ತು. ಹುಲಿಗೆಮ್ಮ ಕೊಡ ಹಿಡಿದು ಎಲ್ಲಿಗೆ ಹೋಗಲಿ ಎಂದು ಅಂಗಳದಲ್ಲಿ ನಿಂತಿದ್ದಳು.

ಗೋಡೆಯ ಮೇಲೆ ತುಂಬಿದ ಹಿತ್ತಾಳೆಯ ಕೊಡವೊಂದು ಬಂದು ಕೂತಿತು. ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು.

"ಮೀನಿನ ಮರಿ ಸೋಸಿ ಕೊಟ್ಟೀನಿ" ಎಂದಿತು ಆಚೆಯಿಂದ ಗೌರಮ್ಮನ ದನಿ. "ಹಂಗ ನಿಂದ್ರಬ್ಯಾಡ ಹುಲಿಗಿ, ಹಿಡಿ. ಇನ್ನೂ ಎರಡು ಕೊಡ ತರ್ತೀನಿ."